ಪ್ರಬಂಧಕ್ಕೆ ಅಡಿಟಿಪ್ಪಣಿಯೋ, ಎಪಿಎ ಶೈಲಿಯೋ?

ಮಾನಸಗಂಗೋತ್ರಿಯಲ್ಲಿ ಪ್ರಬಂಧ ಬರೆಯುತ್ತಿದ್ದರೆ ಮೊದಲು ವಿಭಾಗದ ನಿಯಮ ಕೇಳಿಕೊಳ್ಳಿ. ಆಯ್ಕೆ ನಿಮಗೇ ಬಿಟ್ಟಿದ್ದರೆ ಮಾತ್ರ ಈ ಹೋಲಿಕೆ: ಆಕರವನ್ನು ಪುಟದ ಅಡಿಯಲ್ಲಿ ಕೊಡುವುದೋ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯಂತೆ ವಾಕ್ಯದಲ್ಲೇ ಆವರಣದೊಳಗೆ ಕೊಡುವುದೋ.

ಆಕರ ಯಾವ ಬಗೆಯದು ಎಂಬುದೇ ಮುಖ್ಯ. ಶಾಸನ, ಓಲೆಗರಿ, ಹಳೆಯ ಗೆಜೆಟಿಯರ್ ಹೆಚ್ಚಿದ್ದರೆ ಅಡಿಟಿಪ್ಪಣಿಯೇ ಅನುಕೂಲ. ಮಂಡ್ಯದ ಒಂದು ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಮೂಲ ಆವೃತ್ತಿಯೋ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯೋ ಎಂದೂ ಹೇಳಬೇಕು. ಎರಡರ ಸಂಪುಟ ಸಂಖ್ಯೆಗಳು ಹಲವೆಡೆ ಹೊಂದುವುದಿಲ್ಲ, ಪರೀಕ್ಷಕರು ಬೇರೆಯದನ್ನೇ ತೆರೆದಾರು. ಇಷ್ಟನ್ನೆಲ್ಲ ಆವರಣದೊಳಗೆ ತುರುಕಿದರೆ ವಾಕ್ಯ ಕೆಡುತ್ತದೆ.

ಶಿಕ್ಷಣ, ಮನೋವಿಜ್ಞಾನಗಳಿಗೆ ಎಪಿಎ (7ನೇ ಆವೃತ್ತಿ, 2019) ಸಲೀಸು: ಲೇಖಕ, ವರ್ಷ, ನೇರ ಉದ್ಧರಣೆಗೆ ಪುಟಸಂಖ್ಯೆಯೂ. ಅಧ್ಯಯನ ಎಷ್ಟು ಹೊಸದೆಂದು ಓದುತ್ತಲೇ ತಿಳಿಯುತ್ತದೆ. ತೊಡಕಿರುವುದು ನಮ್ಮ ಹೆಸರುಗಳಲ್ಲಿ. ಕೊನೆಯ ಪದವೇ ಕುಲನಾಮವೆಂದು ನಂಬುವ ತಂತ್ರಾಂಶಕ್ಕೆ ಇನಿಷಿಯಲ್ಲೂ ಕುಲನಾಮವೇ! ಆಕರಗಳನ್ನು ನಿರ್ವಹಿಸುವ ಜೊಟೆರೊ ತಂತ್ರಾಂಶದಲ್ಲಿ ಹೆಸರನ್ನು ಒಂದೇ ಖಾನೆಗೆ ಬದಲಿಸಿದರೆ ಬರೆದಂತೆಯೇ ಉಳಿಯುತ್ತದೆ.

ತಿದ್ದುವಾಗ ಅಡಿಟಿಪ್ಪಣಿ ಕಾಡುತ್ತದೆ. ‘ಅದೇ, ಪು. 42’ ಎಂದು ಬರೆದ ಮೇಲೆ ನಡುವೆ ಹೊಸ ಟಿಪ್ಪಣಿ ಸೇರಿಸಿದರೆ ಆ ‘ಅದೇ’ ಬೇರೊಂದು ಪುಸ್ತಕವಾಗಿಬಿಡುತ್ತದೆ. ಕರಡು ಮುಗಿಯುವವರೆಗೆ ಲೇಖಕರ ಹೆಸರು, ಕಿರುಶೀರ್ಷಿಕೆಯನ್ನೇ ಬರೆಯಿರಿ. ಎಪಿಎಯಲ್ಲಿ ಈ ಕಾಟವಿಲ್ಲ. ಆದರೆ ಒಬ್ಬರದೇ ಒಂದೇ ವರ್ಷದ ಎರಡು ಕೃತಿಗಳಿದ್ದರೆ ವರ್ಷದ ಪಕ್ಕ ಅಕ್ಷರ ಸೇರಿಸಲೇಬೇಕು, ಪಠ್ಯದಲ್ಲೂ ಗ್ರಂಥಸೂಚಿಯಲ್ಲೂ.