ಆಕ್ಸ್‌ಫರ್ಡ್‌ನ ಮೋರ್ಸ್, ಕೇಂಬ್ರಿಜ್ ಮಗ್ಗುಲಿನ ಪಾದ್ರಿ

ವಿಶ್ವವಿದ್ಯಾಲಯದ ಊರು, ಹಳೆಯ ಕಾಲ, ಒಂದು ಕೊಲೆ. ಈ ಮೂರೂ ಸೇರಿದ ಕಥೆ ಎಂದರೆ ನನಗೆ ಪ್ರಾಣ. ಕಳೆದ ತಿಂಗಳು ಬ್ರಿಟನ್ನಿನ ಐಟಿವಿ ವಾಹಿನಿಯ ಎರಡು ಧಾರಾವಾಹಿಗಳನ್ನು ಸರದಿಯಂತೆ ನೋಡಿದೆ: ಒಂದು ರಾತ್ರಿ ‘ಗ್ರಾಂಟ್‌ಚೆಸ್ಟರ್’, ಮರುರಾತ್ರಿ ‘ಎಂಡೆವರ್’. ಜೊತೆಗೆ ಅಮ್ಮ ಇದ್ದರು. ಇಂಗ್ಲಿಷ್ ಮಾತು ಓಡತೊಡಗಿದಾಗಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

‘ಗ್ರಾಂಟ್‌ಚೆಸ್ಟರ್’ ಶುರುವಾಗುವುದು 1953ರಲ್ಲಿ, ಕೇಂಬ್ರಿಜ್ ಪಕ್ಕದ ಅದೇ ಹೆಸರಿನ ಹಳ್ಳಿಯಲ್ಲಿ. ಪತ್ತೇದಾರಿ ಮಾಡುವವರು ಪಾದ್ರಿ ಸಿಡ್ನಿ ಚೇಂಬರ್ಸ್. ಜೊತೆಗೆ ಇನ್‌ಸ್ಪೆಕ್ಟರ್ ಕೀಟಿಂಗ್. ಪೊಲೀಸರ ಮುಂದೆ ಬಾಯಿ ಬಿಡದವರು ಪಾದ್ರಿಯ ಮುಂದೆ ಬಿಡುತ್ತಾರೆ. ಮೊದಲ ಕಂತಿನಲ್ಲಿ ವಕೀಲನೊಬ್ಬನ ಸಾವನ್ನು ಎಲ್ಲರೂ ಆತ್ಮಹತ್ಯೆ ಎಂದುಕೊಂಡಾಗ, ಅವನನ್ನು ಗುಟ್ಟಾಗಿ ಪ್ರೀತಿಸಿದ್ದ ಹೆಂಗಸು ನೇರವಾಗಿ ಬರುವುದು ಚರ್ಚಿಗೆ. ಮುಕ್ಕಾಲು ಗಂಟೆಯಲ್ಲಿ ಕಥೆ ಮುಗಿಯುತ್ತದೆ, ಅಮ್ಮನಿಗೆ ಎಲ್ಲೂ ತೊಡಕಾಗಲಿಲ್ಲ. ಆದರೆ ನಾನು ಬಯಸಿದ ವಿಶ್ವವಿದ್ಯಾಲಯ ಇಲ್ಲಿ ದೂರದ ಗೋಪುರವಷ್ಟೇ. ಕೇಂಬ್ರಿಜ್ ಬದಲು ಬೇರೊಂದು ಊರು ಪಕ್ಕದಲ್ಲಿದ್ದರೂ ಆ ಕೊಲೆ ಹಾಗೆಯೇ ನಡೆಯುತ್ತಿತ್ತು.

‘ಎಂಡೆವರ್’ನಲ್ಲಿ ಊರನ್ನು ಬದಲಿಸಲಾಗದು. ಕಾಲ 1965, ಊರು ಆಕ್ಸ್‌ಫರ್ಡ್. ಶಾನ್ ಇವಾನ್ಸ್ ಅಭಿನಯಿಸಿರುವ ಮೋರ್ಸ್ ಅಲ್ಲಿಯೇ ಓದಿ, ಪದವಿ ಪಡೆಯದೆ ಹೊರಬಿದ್ದು, ಪೊಲೀಸ್ ಪೇದೆಯಾಗಿ ಅದೇ ಊರಿಗೆ ಮರಳಿದವನು. ಕಾಲೇಜಿನವರಿಗೆ ಅವನು ಬರಿಯ ಪೊಲೀಸು, ಠಾಣೆಯವರಿಗೆ ದೊಡ್ಡ ಓದಿನವನು. ಕಾಲೇಜಿನ ಬಾಗಿಲು ದಾಟುವಾಗ ಅವನ ಹೆಗಲು ತುಸು ಬಿಗಿಯಾಗುವುದನ್ನು ಗಮನಿಸಿ. ಈ ನೋವಿನಿಂದಲೇ ಇಡೀ ಧಾರಾವಾಹಿಗೆ ಕಳೆ ಬಂದಿದೆ.

ಒಂದೇ ಕಂತು ನೋಡುವುದಾದರೆ 2013ರ ‘ಫ್ಯೂಗ್’ ನೋಡಿ. ಕೊಲೆಗಾರ ಒಪೆರಾಗಳ, ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕಗಳ, ಸಾವುಗಳನ್ನು ಹೋಲುವಂತೆ ಕೊಲೆ ಮಾಡುತ್ತಾ ಹೋಗುತ್ತಾನೆ. ಅವುಗಳಲ್ಲಿ ಒಂದು ‘ಲಾಕ್ಮೆ’. ನಮ್ಮ ಕಾಡಿಗೆಯ ಡಬ್ಬಿಯ ಮೇಲಿರುವುದೂ ಅದೇ ಹೆಸರು. ಭಾರತದಲ್ಲಿ ನಡೆಯುವ ಆ ಫ್ರೆಂಚ್ ಒಪೆರಾದ ನಾಯಕಿ, ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿಯನ್ನು ತಿಂದು ಸಾಯುತ್ತಾಳೆ. ಇದನ್ನು ಹೇಳಿದಾಗ ಅಮ್ಮ ನೆಟ್ಟಗೆ ಕೂತರು.

ಕೊರತೆಯೂ ಇದೆ. ಒಪೆರಾ ಗೊತ್ತಿಲ್ಲದವರು ಮೋರ್ಸ್‌ಗಿಂತ ಮೊದಲು ಒಗಟು ಬಿಡಿಸಲು ಸಾಧ್ಯವೇ ಇಲ್ಲ, ಇದು ನೋಡುಗರಿಗೆ ನ್ಯಾಯವಲ್ಲ. ಒಂದೂವರೆ ಗಂಟೆಯ ಕಂತು. ಮೊದಲ ಐದು ನಿಮಿಷ ಸಂಗೀತದ ಜೊತೆ ತುಣುಕು ದೃಶ್ಯಗಳು ಒಂದರ ಮೇಲೊಂದು ಬರುತ್ತವೆ. ಆಗ ಅಡುಗೆಮನೆಗೆ ಎದ್ದು ಹೋದರೆ ಮತ್ತೆ ಎಳೆ ಸಿಗುವುದು ಕಷ್ಟ. ಒಗಟಿನ ಅಚ್ಚುಕಟ್ಟುತನದಲ್ಲಿ ಪಾದ್ರಿಯ ಕಥೆಯೇ ಮೇಲು.

ಇದೇ ಮೋರ್ಸ್‌ನ ನಡುವಯಸ್ಸಿನ ಕಥೆ ಹೇಳಿದ, ಜಾನ್ ಥಾ ಅಭಿನಯದ ಮೂಲ ‘ಇನ್‌ಸ್ಪೆಕ್ಟರ್ ಮೋರ್ಸ್’ (1987–2000, 33 ಕಂತು) ತನ್ನದೇ ಕಾಲದ ಕಥೆಯಾಗಿತ್ತು, ಈಗ ಅದೂ ಹಳೆಯ ಕಾಲವಾಗಿದೆ. ಅದರ ಒಂದೆರಡು ಕಂತು ನೋಡಿಕೊಂಡು ಬಂದರೆ ‘ಎಂಡೆವರ್’ನ ಮೊದಲ ಕಂತಿನ ಕೊನೆಯಲ್ಲಿ ಕಾರಿನ ಕನ್ನಡಿಯಲ್ಲಿ ಕಾಣುವ ಕಣ್ಣುಗಳು ಯಾರವು ಎಂದು ತಿಳಿಯುತ್ತದೆ. ನನಗೆ ಅಲ್ಲಿ ಮೈ ಜುಮ್ಮೆಂದಿತು.

‘ಫ್ಯೂಗ್’ನ ಕೊನೆಯಲ್ಲಿ ಮೋರ್ಸ್ ಮತ್ತು ಅವನ ಮೇಲಧಿಕಾರಿ ಥರ್ಸ್‌ಡೇ ಕಟ್ಟಡದ ಮಾಳಿಗೆಯ ಮೇಲೆ ನಿಂತಿರುತ್ತಾರೆ. ಈ ಕೆಲಸವನ್ನು ಮನೆಗೆ ಹೊತ್ತುಕೊಂಡು ಹೋಗದೆ ಇರುವುದು ಹೇಗೆ ಎಂಬುದು ಮಾತು. ಮನೆಗೆ ಹೋಗಿ ನಿನಗೆ ಅತಿ ಇಷ್ಟವಾದ ಹಾಡನ್ನು ಗಟ್ಟಿಯಾಗಿ ಹಾಕಿಕೋ, ಕತ್ತಲು ನಿನ್ನಿಂದ ಕಿತ್ತುಕೊಳ್ಳಲಾಗದ್ದು ಇದು ಎಂದು ಸ್ವರ ಸ್ವರಕ್ಕೂ ನೆನಪಿಸಿಕೋ ಎನ್ನುತ್ತಾನೆ ಥರ್ಸ್‌ಡೇ. ನಾನು ತಡವರಿಸುತ್ತಾ ಕನ್ನಡಕ್ಕೆ ತಂದೆ. ಅಮ್ಮ, “ಇನ್ನೊಂದು ಸಲ ಹಾಕು, ಈ ಸಲ ನೀನು ಹೇಳಬೇಡ” ಎಂದರು.