ಮೀಟರ್ ಬೋರ್ಡಿಗೆ ಟಿ10 ಎಲ್‌ಇಡಿ ಬಲ್ಬ್: ಕೊಳ್ಳಬಹುದು, ಆದರೆ ಎಲ್ಲ ಜಾಗಕ್ಕಲ್ಲ

ಹಳೆಯ ಕಾರಿನ ಮೀಟರ್ ಬೋರ್ಡಿನ ಹಿಂಬೆಳಕಿಗೆ ಟಿ10 (ಒತ್ತಿ ಕೂರಿಸುವ ಪುಟ್ಟ ಬಲ್ಬಿನ ಅಳತೆ) ಎಲ್‌ಇಡಿ ಒಳ್ಳೆಯ ಆಯ್ಕೆ. 5 ವ್ಯಾಟಿನ ಫಿಲಮೆಂಟ್ ಬಲ್ಬು ಸುಮಾರು 400 ಮಿಲಿಆಂಪಿಯರ್ ಎಳೆಯುತ್ತದೆ. ಎಲ್‌ಇಡಿಗೆ ಬಹಳ ಕಡಿಮೆ ಸಾಕು, ಹೋಲ್ಡರ್ ಬಿಸಿಗೆ ಕರಕಲಾಗುವುದಿಲ್ಲ. ತುದಿಯಲ್ಲಿ ಮಾತ್ರ ಚಿಪ್ (ಬೆಳಕು ಕೊಡುವ ಚುಕ್ಕಿ) ಇರುವುದು ಬೇಡ, ಡಯಲಿನ ಮೇಲೆ ಬೆಳಕು ಮಚ್ಚೆಯಾಗಿ ಬೀಳುತ್ತದೆ. ಸುತ್ತಲೂ ಚಿಪ್ ಇರುವುದನ್ನೇ ಆರಿಸಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಬಲವಂತವಾಗಿ ಎಳೆದರೆ ಹಿಂದಿನ ತೆಳು ತಾಮ್ರದ ಪಟ್ಟಿ ಕಿತ್ತುಬರುತ್ತದೆ. ಬಲ್ಬು ಉರಿಯದಿದ್ದರೆ ತಿರುಗಿಸಿ ಹಾಕಿ, ಇದಕ್ಕೆ ಪ್ಲಸ್-ಮೈನಸ್ ಉಂಟು. ಎಡಬಲ ಎರಡಕ್ಕೂ ಒಂದೇ ಇಂಡಿಕೇಟರ್ ದೀಪವಿರುವ ಕಾರುಗಳಲ್ಲಿ ಎಲ್‌ಇಡಿ ಹಾಕಿದರೆ ಇದೇ ಕಾರಣಕ್ಕೆ ಒಂದು ಕಡೆಗೆ ಮಾತ್ರ ಮಿನುಗುತ್ತದೆ.

ಬ್ಯಾಟರಿ ಚಾರ್ಜ್ ದೀಪಕ್ಕೆ ಮಾತ್ರ ದಯವಿಟ್ಟು ಹಾಕಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರ್‌ಗಳಲ್ಲಿ ಫೀಲ್ಡ್ ಕಾಯಿಲ್‌ಗೆ (ಕಾಂತಕ್ಷೇತ್ರ ಹುಟ್ಟಿಸುವ ತಂತಿ ಸುರುಳಿಗೆ) ಆರಂಭದ ಕರೆಂಟು ಹೋಗುವುದು ಆ ಬಲ್ಬಿನ ಮೂಲಕವೇ. ಎಲ್‌ಇಡಿ ಅಷ್ಟು ಕರೆಂಟು ಬಿಡದು. ಐಡಲಿನಲ್ಲಿ ಚಾರ್ಜಿಂಗ್ ಶುರುವಾಗದೆ ಬ್ಯಾಟರಿ ಇಳಿಯುತ್ತದೆ. ಹಾಕಲೇಬೇಕೆಂದರೆ 47 ಓಮ್, 5 ವ್ಯಾಟಿನ ರೆಸಿಸ್ಟರನ್ನು ಬಲ್ಬಿಗೆ ಸಮಾಂತರವಾಗಿ ಬೆಸುಗೆ ಹಾಕಿ, ಪ್ಲಾಸ್ಟಿಕ್ಕಿನಿಂದ ದೂರವಿಡಿ. ಫಿಲಮೆಂಟ್ ಬಲ್ಬನ್ನೇ ಉಳಿಸಿಕೊಳ್ಳುವುದು ಇದಕ್ಕಿಂತ ಜಾಣತನ.

ಇನ್ನೊಂದು ಕೊರತೆ: ಹಳೆಯ ಡಿಮ್ಮರ್ ನಾಬ್ ತಿರುಗಿಸಿದರೂ ಬೆಳಕು ಸರಿಯಾಗಿ ತಗ್ಗುವುದಿಲ್ಲ. ರಾತ್ರಿ ಹೆಚ್ಚು ಓಡಿಸುವವರು ಕಡು ಬಿಳಿ ಬಿಟ್ಟು ಬೆಚ್ಚನೆಯ ಹಳದಿ ಛಾಯೆಯದನ್ನು ಕೊಳ್ಳಲಿ.