ದಿಶಾಂಕ್ ಆ್ಯಪ್: ಸೈಟಿನ ಕಲ್ಲುಗಳ ಕೆಳಗೆ ಹರಿಯುತ್ತಿದ್ದ ಹಳ್ಳ

ಹೊಸಕೋಟೆ ದಾಟಿ ಸ್ವಲ್ಪ ದೂರ ಹೋದರೆ ರಸ್ತೆಯ ಎರಡೂ ಬದಿಗೆ ಈಗ ಕಲ್ಲು ನೆಟ್ಟ ಹೊಲಗಳೇ ಕಾಣುತ್ತವೆ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಎಂಬ ಎರಡು ಹೆಸರು ಹೇಳಿದರೆ ಸಾಕು, ಮೊನ್ನೆಯವರೆಗೆ ಎಕರೆ ಲೆಕ್ಕದಲ್ಲಿದ್ದ ರಾಗಿ ಹೊಲ ಚದರ ಅಡಿಯ ಲೆಕ್ಕಕ್ಕೆ ಬಂದುಬಿಡುತ್ತದೆ. ಹನ್ನೊಂದು ವರ್ಷ ಟ್ಯಾಕ್ಸಿ ಓಡಿಸಿ ಕೂಡಿಟ್ಟ ಹಣದಲ್ಲಿ ನನ್ನ ತಮ್ಮ ಅಲ್ಲೊಂದು ಮೂವತ್ತು–ನಲವತ್ತರ ಸೈಟು ಕೊಳ್ಳಲು ಹೊರಟಿದ್ದ. ಮುಂಗಡ ಕೊಡುವ ಮುಂಚೆ, "ಅಕ್ಕ, ಒಂದು ಸಲ ಬಂದು ನೋಡು" ಎಂದ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು, ನಕಾಶೆ ಎಂದರೆ ಮೊದಲಿನಿಂದಲೂ ಪ್ರೀತಿ. ಹೊರಡುವ ಹಿಂದಿನ ರಾತ್ರಿ ಮೊಬೈಲಿಗೆ ದಿಶಾಂಕ್ ಹಾಕಿಕೊಂಡೆ.

ಇದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರು ಮಾಡಿರುವ ಆ್ಯಪ್. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಬಳಸಬಹುದು. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಗಳನ್ನು ಇಂದಿನ ಭೂಪಟದ ಮೇಲೆ ಕೂರಿಸಿದ್ದಾರೆ. ನಿಂತ ಜಾಗದಲ್ಲಿ ಪರದೆ ಮುಟ್ಟಿದರೆ ಅದು ಯಾವ ಊರಿನ ಎಷ್ಟನೇ ಸರ್ವೆ ನಂಬರು ಎಂದು ತೋರಿಸುತ್ತದೆ. ಹಿಸ್ಸಾ, ಅಂದರೆ ಆ ನಂಬರಿನ ಒಳಭಾಗ, ಆರಿಸಿಕೊಂಡರೆ ಪಹಣಿಯಲ್ಲಿರುವ ಮಾಲೀಕರ ಹೆಸರು, ವಿಸ್ತೀರ್ಣ ಬರುತ್ತವೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಮನೆಯಲ್ಲಿ ಕುಳಿತೇ ಹುಡುಕಬಹುದು.

ಸ್ಥಳದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು, ಕೆಂಪು ಮಣ್ಣು ಹಾಕಿ ಸಮ ಮಾಡಿದ ಅಡ್ಡ ರಸ್ತೆಗಳು. ಮಾರುವವರ ಕಡೆಯ ಹುಡುಗ ಕೈ ಚಾಚಿ, "ಎಲ್ಲಾ ಖಾಲಿ ಜಾಗ ಮೇಡಂ, ಯಾವ ತಕರಾರೂ ಇಲ್ಲ" ಎಂದ. ತಮ್ಮನಿಗೆ ತೋರಿಸಿದ್ದ ಸೈಟಿನ ಕಡೆಗೆ ಫೋನು ಹಿಡಿದು ನಡೆದೆ. ಎರಡನೇ ಕಲ್ಲು ದಾಟುವಾಗ ನನ್ನ ಗುರುತಿನ ಚುಕ್ಕಿ ಒಂದು ಸರ್ವೆ ನಂಬರಿನಿಂದ ಆಚೆ ಬಂತು. ಆದರೆ ಮುಂದಿನ ನಂಬರಿಗೆ ಹೋಗಲಿಲ್ಲ. ಎರಡರ ನಡುವೆ, ಹಾವು ಮಲಗಿದಂತೆ ಡೊಂಕಾಗಿ ಹೋಗುವ ಒಂದು ಪಟ್ಟಿಯಲ್ಲಿ ನಿಂತುಬಿಟ್ಟಿತು. ಬೆರಳಲ್ಲಿ ಅದನ್ನೇ ಹಿಡಿದು ಎಳೆಯುತ್ತಾ ಹೋದೆ. ಕೆಳಗಡೆ ಅದು ಕೆರೆಯಂಗಳಕ್ಕೆ ಸೇರಿತ್ತು. ಅದು ಹಳ್ಳ.

ತಲೆಯೆತ್ತಿ ನೋಡಿದರೆ ಹಳ್ಳದ ಗುರುತೇ ಇಲ್ಲ. ಮಣ್ಣು ಮಾತ್ರ ಆ ಸಾಲಿನಲ್ಲಿ ಉಳಿದ ಕಡೆಗಿಂತ ಸಡಿಲವಾಗಿತ್ತು, ಕಾಲಿಟ್ಟರೆ ಚಪ್ಪಲಿ ಹೂತುಹೋಗುತ್ತಿತ್ತು. ಅಂಚಿನಲ್ಲಿ ಎರಡು ಹೊಂಗೆ ಮರಗಳು ಅರ್ಧ ಕಾಂಡದವರೆಗೆ ಮಣ್ಣಿನಲ್ಲಿ ಮುಳುಗಿದ್ದವು. ಅಲ್ಲೇ ಹಸು ಮೇಯಿಸುತ್ತಿದ್ದ ಅಜ್ಜಿಯನ್ನು ಕೇಳಿದೆ. "ಮಳೆಗಾಲದಲ್ಲಿ ಮೊಣಕಾಲುದ್ದ ನೀರು ಹೋಗುತ್ತಿತ್ತು ತಾಯಿ. ಲಾರಿಯಲ್ಲಿ ಮಣ್ಣು ತಂದು ಸುರಿದರು" ಎಂದರು. ತಮ್ಮನ ಮುಖ ನೋಡಲು ನನಗೆ ಆಗಲಿಲ್ಲ.

ಮನೆಗೆ ಬಂದು ಎರಡೂ ಕಡೆಯ ಸರ್ವೆ ನಂಬರುಗಳ ಪಹಣಿ ತೆಗೆಸಿದೆವು. ಒಂದರಲ್ಲಿ 3ನೇ ಕಾಲಂನಲ್ಲಿ 'ಬ' ಖರಾಬು 4 ಗುಂಟೆ ಎಂದಿತ್ತು. ಸೈಟು ನೋಡುವವರು ಇದನ್ನು ತಪ್ಪದೆ ಓದಬೇಕು. 'ಅ' ಖರಾಬು ಎಂದರೆ ಹಿಡುವಳಿದಾರರ ಜಮೀನಿನೊಳಗಿನ, ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಹಾಗಲ್ಲ. ದಾರಿ, ಹಳ್ಳ, ಕಾಲುವೆ ಹೀಗೆ ಊರಿಗೆಲ್ಲ ಸೇರಿದ್ದು. ಅದನ್ನು ಯಾರೂ ಮಾರುವಂತಿಲ್ಲ. ಒಂದು ಗುಂಟೆಗೆ 1089 ಚದರ ಅಡಿ. ನಾಲ್ಕು ಗುಂಟೆಯಲ್ಲಿ ಮೂರು ಸೈಟು ಸಲೀಸಾಗಿ ಮಾಡಬಹುದು.

ಆ್ಯಪ್‌ನ ಮಿತಿಯನ್ನೂ ಹೇಳಬೇಕು. ಸರಪಳಿ ಹಿಡಿದು ಅಳೆದ ಕಾಲದ ನಕಾಶೆಯನ್ನು ಇಂದಿನ ಭೂಪಟಕ್ಕೆ ಹೊಂದಿಸಿದಾಗ ಗೆರೆಗಳು ಅತ್ತಿತ್ತ ಸರಿಯುವುದು ಸಹಜ. ಫೋನಿನ ಜಿಪಿಎಸ್ ಕೂಡ ಮರದ ಕೆಳಗೆ ಕೆಲವು ಹೆಜ್ಜೆ ಜಿಗಿಯುತ್ತದೆ. ಆದ್ದರಿಂದ ಇದನ್ನು ಹಿಡಿದು ಬದುವಿನ ಜಗಳಕ್ಕೆ ಹೋಗಬಾರದು. ಗಡಿ ಗೊತ್ತಾಗಬೇಕಾದರೆ ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ ಭೂಮಾಪಕರಿಂದಲೇ ಅಳೆಸಬೇಕು. ಆದರೆ ಇಲ್ಲಿ ಹಳ್ಳವಿತ್ತೇ, ಬಂಡಿದಾರಿಯಿತ್ತೇ, ಪಕ್ಕದ್ದು ಗೋಮಾಳವೇ ಎಂದು ತಿಳಿಯಲು ಐದು ಹೆಜ್ಜೆಯ ವ್ಯತ್ಯಾಸ ಅಡ್ಡಿಯಾಗುವುದಿಲ್ಲ.

ನನಗೆ ಸಾಲದೆನಿಸಿದ್ದು ಬೇರೆ. ದಿಶಾಂಕ್‌ನಲ್ಲಿ ನಾನು ನೋಡಿದ್ದು ನೆಲದ ಹಿಂದಿನ ಚಿತ್ರ. ಮುಂದೆ ಅದು ಏನಾಗಬೇಕು ಎಂಬುದು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕಾಶೆಯಲ್ಲಿದೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಅದನ್ನು ನೋಡಲು ಯೋಜನಾ ಪ್ರಾಧಿಕಾರದ ಕಚೇರಿಗೇ ಹೋದೆ. ಸಿಬ್ಬಂದಿ ತಾಳ್ಮೆಯಿಂದ ತೋರಿಸಿದರು. ನಾವು ನಿಂತಿದ್ದ ಜಾಗ ಹಳದಿಯಲ್ಲಿತ್ತು. ಹಳದಿ ಇದ್ದ ಮಾತ್ರಕ್ಕೆ ಸೈಟು ಸಕ್ರಮವಲ್ಲ ಎಂಬುದನ್ನೂ ಅಲ್ಲೇ ಬಿಡಿಸಿ ಹೇಳಿದರು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂ ಪರಿವರ್ತನೆಯ ಆದೇಶವೊಂದಿದ್ದರೂ ಸಾಲದು, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಇರಬೇಕು. ಆ ಹುಡುಗ ತೋರಿಸಿದ್ದು ಪರಿವರ್ತನೆಯ ಆದೇಶ ಒಂದನ್ನೇ.

ಹಳ್ಳ, ಕುಂಟೆ, ಗುಂಡುತೋಪು, ಬಂಡಿದಾರಿಗಳ ಗೆರೆಯನ್ನು ಮೊದಲು ಎಳೆದು, ಬಣ್ಣವನ್ನು ಆಮೇಲೆ ತುಂಬಿದರೆ ಬೆಳೆಯುವ ಊರಿಗೆ ಎಷ್ಟು ಒಳ್ಳೆಯದು! ಈ ಎರಡೂ ನಕಾಶೆ ಒಂದೇ ಪರದೆಯ ಮೇಲೆ, ಒಂದರ ಮೇಲೊಂದು ಕಾಣುವಂತಾಗಲಿ ಎಂಬುದು ನನ್ನ ಆಸೆ. ಅದಕ್ಕಾಗಿ ಒಂದು ಅಂಕ ಹಿಡಿದಿಟ್ಟು, ಐದರಲ್ಲಿ ನಾಲ್ಕು ಕೊಡುತ್ತೇನೆ.

ಅಂದು ಹೊರಡುವಾಗ ಆ ಅಜ್ಜಿ, "ನಮ್ಮ ಹೊಲವೂ ಇದರಲ್ಲಿ ಇದೆಯಾ?" ಎಂದು ಕೇಳಿದರು. ನಂಬರು ಕೇಳಿ ಹುಡುಕಿ ತೋರಿಸಿದೆ. ತೀರಿಕೊಂಡ ಯಜಮಾನರ ಹೆಸರಿನಲ್ಲೇ ಪಹಣಿ ಇತ್ತು. ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಪೌತಿ ಖಾತೆಗೆ ಅರ್ಜಿ ಹಾಕಿ ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬಂದೆ. ತಮ್ಮ ಮುಂಗಡ ಕೊಡಲಿಲ್ಲ. ಬರುವ ಭಾನುವಾರ ಇನ್ನೊಂದು ಜಾಗ ನೋಡಲು ಹೋಗುತ್ತಿದ್ದೇವೆ, ಈ ಸಲ ಆ್ಯಪ್ ಅವನ ಫೋನಿನಲ್ಲೂ ಇದೆ.